ಟ್ರೈನಿ ಎಸಿಪಿ (ಅಡ್ವಾನ್ಸ್ಡ್ ಕ್ಲಿನಿಕಲ್ ಪ್ರಾಕ್ಟೀಷನರ್) ಹುದ್ದೆ (ಇಂಗ್ಲೆಂಡ್): ಸಹಿ ಹಾಕುವ ಮೊದಲು ಏನೇನು ಕೇಳಬೇಕು?

ಕಾವೇರಿ_ಲೀಡ್ಸ್

ಎಲ್ಲರಿಗೂ ನಮಸ್ಕಾರ. ಅಕ್ಯೂಟ್ ಮೆಡಿಸಿನ್‌ನಲ್ಲಿ ಟ್ರೈನಿ ಅಡ್ವಾನ್ಸ್ಡ್ ಕ್ಲಿನಿಕಲ್ ಪ್ರಾಕ್ಟೀಷನರ್ (ರೋಗಿಯನ್ನು ತಾವೇ ಪರೀಕ್ಷಿಸಿ ಚಿಕಿತ್ಸೆ ನಿರ್ಧರಿಸುವ ಹಿರಿಯ ಹುದ್ದೆ) ಆಗಲು ಆಫರ್ ಬಂದಿದೆ. ಈಗ ನನ್ನದು ಬ್ಯಾಂಡ್ 6 (ಎನ್‌ಎಚ್‌ಎಸ್ ಸಂಬಳದ ಶ್ರೇಣಿ). ಓದಿದ್ದು ರಾಜೀವ್ ಗಾಂಧಿ ವಿ.ವಿ.ಯ ಬಿ.ಎಸ್ಸಿ. ನರ್ಸಿಂಗ್, ಎನ್‌ಎಂಸಿ (ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್) ಪಿನ್, ಅಂದರೆ ನೋಂದಣಿ ಸಂಖ್ಯೆ, ಬಂದು 4 ವರ್ಷ. 3 ವರ್ಷದ ಎಂ.ಎಸ್ಸಿ., ವಾರಕ್ಕೊಂದು ದಿನ ಯೂನಿವರ್ಸಿಟಿ, ಉಳಿದ ದಿನ ವಾರ್ಡಿನಲ್ಲೇ ಕಲಿಕೆ. ಸೂಪರ್‌ವಿಷನ್ ಬಗ್ಗೆ ಪತ್ರದಲ್ಲಿರುವುದು ಒಂದೇ ಸಾಲು: ಕನ್ಸಲ್ಟೆಂಟ್ ತಂಡ ನೋಡಿಕೊಳ್ಳುತ್ತದೆ. ಇಷ್ಟು ಸಾಕೇ? ಪೋರ್ಟ್‌ಫೋಲಿಯೋ (ಕಲಿಕೆಯ ಸಾಕ್ಷಿಗಳ ಕಡತ) ಯಾವಾಗ ಶುರು ಮಾಡಬೇಕು?

ನೈಟ್‌ಡ್ಯೂಟಿ

ಅಭಿನಂದನೆ ಸಿಸ್ಟರ್. ಸಾಲದು. ತಂಡ ನೋಡಿಕೊಳ್ಳುತ್ತದೆ ಅಂದರೆ ಹೊಣೆ ಯಾರ ತಲೆ ಮೇಲೂ ಇಲ್ಲ ಅಂತಲೇ ಅರ್ಥ. ಈ ಕೋರ್ಸು ಹಳಿ ತಪ್ಪುವುದು ಹೆಚ್ಚಾಗಿ ರೋಟಾದಲ್ಲಿ (ಡ್ಯೂಟಿ ಪಟ್ಟಿ), ಕ್ಲಾಸಿನಲ್ಲಿ ಅಪರೂಪ.

ಮೊದಲು ಕೋಆರ್ಡಿನೇಟಿಂಗ್ ಎಜುಕೇಷನ್ ಸೂಪರ್‌ವೈಸರ್ ಯಾರು ಅಂತ ಹೆಸರು ಸಮೇತ ಬರೆಸಿಕೊಳ್ಳಿ. ಶುರುವಿನಿಂದ ಕೊನೆಯವರೆಗೂ ನಿಮ್ಮ ತರಬೇತಿಯ ಹೊಣೆ ಅವರದು. ರಿಜಿಸ್ಟ್ರಾರ್, ಹಿರಿಯ ಎಸಿಪಿ, ಫಾರ್ಮಸಿಸ್ಟ್ ಇವರೆಲ್ಲ ಆಯಾ ಕೌಶಲಕ್ಕೆ ಅಸೋಸಿಯೇಟ್ ಸೂಪರ್‌ವೈಸರ್ ಆಗಬಹುದು. ವಾರಕ್ಕೆ ಕನಿಷ್ಠ 1 ಗಂಟೆ ಸೂಪರ್‌ವಿಷನ್ ಮೀಸಲಿರಬೇಕು. ಆ ಗಂಟೆ ನಿಮ್ಮ ರೋಟಾದಲ್ಲಿದ್ದು ಕನ್ಸಲ್ಟೆಂಟರ ಜಾಬ್ ಪ್ಲಾನ್‌ನಲ್ಲಿ (ಅವರ ವಾರದ ಕೆಲಸದ ವೇಳಾಪಟ್ಟಿ) ಇಲ್ಲದಿದ್ದರೆ, ಜನವರಿಯಲ್ಲಿ ಬೆಡ್ ತುಂಬಿದ ದಿನ ಮೊದಲು ಕೈಬಿಡುವುದು ಅದನ್ನೇ. ಎರಡೂ ಕಡೆ ಇದೆಯೇ ಅಂತ ಕೇಳಿ.

ನಿಮ್ಮನ್ನು ವಾರ್ಡಿನ ನರ್ಸಿಂಗ್ ಸಿಬ್ಬಂದಿಯ ಲೆಕ್ಕದಿಂದ ಹೊರಗಿಟ್ಟಿದ್ದಾರೆಯೇ ಅನ್ನುವುದನ್ನೂ ಬರವಣಿಗೆಯಲ್ಲಿ ಪಡೆಯಿರಿ. "ಇವತ್ತೊಂದು ದಿನ ಬೇ 3 ನೋಡಿಕೊಳ್ಳಿ" ಅಂತ ಶುರುವಾಗುವುದು ವಾರಕ್ಕೆರಡು ಶಿಫ್ಟ್ ಆಗಲು ಬಹಳ ದಿನ ಬೇಡ. ಆಮೇಲೆ ರೋಗಿಗಳನ್ನು ಮೊದಲಿಂದ ಕ್ಲರ್ಕ್ ಮಾಡುವ (ಹಿನ್ನೆಲೆ ಕೇಳಿ, ಪರೀಕ್ಷಿಸಿ, ಬರೆದಿಡುವ) ಅಭ್ಯಾಸವೇ ಸಿಗುವುದಿಲ್ಲ.

ಹಣದ ವಿಷಯ: ಅಪ್ರೆಂಟಿಸ್‌ಶಿಪ್ ದಾರಿ ಅಂದರೆ ಹುಷಾರಾಗಿ ಕೇಳಿ. 2026ರ ಜನವರಿಯಿಂದ ಲೆವೆಲ್ 7ಕ್ಕೆ (ಎಂ.ಎಸ್ಸಿ. ಮಟ್ಟ) ಹೊಸದಾಗಿ ಸೇರುವವರಲ್ಲಿ ಲೆವಿ ಹಣ (ಅಪ್ರೆಂಟಿಸ್‌ಶಿಪ್‌ಗೆಂದು ಸಂಗ್ರಹಿಸುವ ತೆರಿಗೆಯ ಹಣ) ಬಹುಮಟ್ಟಿಗೆ 21 ವರ್ಷದವರೆಗಿನವರಿಗಷ್ಟೆ. ಆ ವಯಸ್ಸಿನಲ್ಲಿ ಯಾವ ನರ್ಸೂ ಎಸಿಪಿ ತರಬೇತಿಗೆ ಬಂದಿರುವುದಿಲ್ಲ. ಹಾಗಾಗಿ ಫೀಸು ಕಟ್ಟುವವರು ಯಾರು, 3 ವರ್ಷಕ್ಕೂ ಖಾತ್ರಿಯೇ, ನಡುವೆ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು ಅಂತ ತಿಳಿದುಕೊಳ್ಳಿ.

ಸಂಬಳ ಹೆಚ್ಚಿನ ಕಡೆ ಟ್ರೈನಿಗೆ ಬ್ಯಾಂಡ್ 7, ಮುಗಿದ ಮೇಲೆ 8ಎ. ಕೆಲವು ಕಡೆ ಅಜೆಂಡಾ ಫಾರ್ ಚೇಂಜ್‌ನ (ಎನ್‌ಎಚ್‌ಎಸ್ ಸಂಬಳದ ಒಪ್ಪಂದ) ಅನೆಕ್ಸ್ 21 ಪ್ರಕಾರ ಕೊಡುತ್ತಾರೆ: ಮುಂದೆ ಸಿಗುವ ಬ್ಯಾಂಡಿನ ಗರಿಷ್ಠ ಸಂಬಳದಲ್ಲಿ ಕೊನೆಯ ವರ್ಷ ಶೇ. 75, ಅದರ ಹಿಂದಿನ ವರ್ಷ 70, ಅದಕ್ಕೂ ಹಿಂದೆ 65. ಓದು ಮುಗಿದಾಗ 8ಎ ಹುದ್ದೆ ನಿಜಕ್ಕೂ ಕಾದಿದೆಯೇ ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ.

ತುಂಗಾತೀರ

ಪೋರ್ಟ್‌ಫೋಲಿಯೋ ಮೊದಲ ವಾರದಿಂದಲೇ ಶುರುವಾಗಬೇಕು ಕಾವೇರಿ. ಮೂರನೇ ವರ್ಷದಲ್ಲಿ ಗುಡ್ಡೆ ಹಾಕಿ ತುಂಬಿದ ಫಾರ್ಮುಗಳನ್ನು ನೋಡಿದ ತಕ್ಷಣ ಗೊತ್ತಾಗುತ್ತದೆ: ಎಲ್ಲದರ ಮೇಲೂ ಒಬ್ಬರದೇ ಹೆಸರು, ಎಲ್ಲದರಲ್ಲೂ "ಚೆನ್ನಾಗಿ ಮಾಡಿದರು". ಅದರಿಂದ ನಿಮಗೂ ಉಪಯೋಗವಿಲ್ಲ, ರೋಗಿಗೂ ಇಲ್ಲ.

ಪೋರ್ಟ್‌ಫೋಲಿಯೋದ ಫಾರ್ಮುಗಳಲ್ಲಿ ಮಿನಿ-ಸಿಇಎಕ್ಸ್ ಅಂದರೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ನೀವು ರೋಗಿಯನ್ನು ನೋಡುವುದನ್ನು ಗಮನಿಸಬೇಕು. 15–20 ನಿಮಿಷ ನೋಡಿ, ಅಲ್ಲೇ ಫೀಡ್‌ಬ್ಯಾಕ್. ಡಾಪ್ಸ್ ಕೈಕೆಲಸಕ್ಕೆ, ಉದಾಹರಣೆಗೆ ಎಬಿಜಿ (ಅಪಧಮನಿಯ ರಕ್ತದ ಅನಿಲ ಪರೀಕ್ಷೆ) ತೆಗೆಯುವುದು. ಕೇಸ್ ಬೇಸ್ಡ್ ಡಿಸ್ಕಷನ್ನಿಗೆ ಸುಲಭದ ಕೇಸು ಆರಿಸಬೇಡಿ, ನಿಮಗೆ ಅನುಮಾನ ಉಳಿದ ಕೇಸು ತನ್ನಿ.

ನರ್ಸ್‌ಗಳು ಎಡವುವ ಜಾಗ ಬಹುತೇಕ ಒಂದೇ. 78 ವರ್ಷದ ಅಜ್ಜಿ, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ, ಎರಡು ದಿನದಿಂದ ಉಬ್ಬಸ. ಉಸಿರಾಟ ನಿಮಿಷಕ್ಕೆ 26, ನಾಡಿ 115, ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಶೇ. 86. ನರ್ಸ್ ಆಗಿ ನಾವು ಹೇಳುವುದು: "ನ್ಯೂಸ್ 6, ವೀಜ್ ಇದೆ, ನೆಬ್ಯುಲೈಸರ್ ಕೊಟ್ಟಿದ್ದೇನೆ, ಬಂದು ನೋಡಿ." ನ್ಯೂಸ್ ಅಂದರೆ ರೋಗಿ ಎಷ್ಟು ಹದಗೆಟ್ಟಿದ್ದಾರೆ ಅಂತ ತೋರಿಸುವ ಅಂಕ. ಅಚ್ಚುಕಟ್ಟಾದ ಎಸ್‌ಬಾರ್ (ಡಾಕ್ಟರರಿಗೆ ಚುಟುಕಾಗಿ ವರದಿ ಒಪ್ಪಿಸುವ ಕ್ರಮ). ಎಸಿಪಿಯ ಕೆಲಸ ಅಲ್ಲಿಂದ ಶುರು. 45 ಡಿಗ್ರಿಗೆ ಒರಗಿಸಿ ಕತ್ತಿನಲ್ಲಿ ಜೆವಿಪಿ (ಕತ್ತಿನ ರಕ್ತನಾಳದ ಒತ್ತಡ) ನೋಡಿದಿರಾ? ಕ್ರೆಪ್ಸ್ (ಸ್ಟೆತೊಸ್ಕೋಪಿನಲ್ಲಿ ಕೇಳುವ ಚಿಟಚಿಟ ಸದ್ದು) ಶ್ವಾಸಕೋಶದ ಎರಡೂ ಬುಡದಲ್ಲಿದೆಯೋ, ಒಂದೇ ಕಡೆಯೋ? ಒಂದು ಕಾಲಿನ ಮೀನಖಂಡ ಮಾತ್ರ ಊದಿದೆಯೇ? ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತಾರೆ? ಸಿಒಪಿಡಿ ಅಂತ ಹಳೆಯ ಫೈಲಿನಲ್ಲಿದ್ದ ಮಾತ್ರಕ್ಕೆ ಇವತ್ತಿನ ಉಬ್ಬಸವೂ ಅದೇ ಅಂತ ಕುಳಿತರೆ ಹಾರ್ಟ್ ಫೇಲ್ಯೂರೋ ಪಲ್ಮನರಿ ಎಂಬಾಲಿಸಮ್ಮೋ (ಶ್ವಾಸಕೋಶದಲ್ಲಿ ಸಿಕ್ಕ ರಕ್ತದ ಹೆಪ್ಪು) ಕಣ್ಣು ತಪ್ಪಿ ಹೋಗುತ್ತದೆ. "ಇದು ಅಂತ ಅನ್ನಿಸುತ್ತದೆ, ಯಾಕೆಂದರೆ ಹೀಗೆ, ಅದು ಅಲ್ಲ ಅನ್ನಿಸುತ್ತದೆ, ಯಾಕೆಂದರೆ ಹೀಗೆ" ಎಂದು ಬಾಯಿಬಿಟ್ಟು ಹೇಳುವುದೇ ಕಲಿಯಬೇಕಾದ ಪಾಠ. ಆಕ್ಸಿಜನ್ ಗುರಿ 88–92 ಯಾಕೆ, ಚಿಕಿತ್ಸೆಯ ನಂತರವೂ ಪಿಎಚ್ 7.35ಕ್ಕಿಂತ ಕೆಳಗೆ, ಕಾರ್ಬನ್ ಡೈಆಕ್ಸೈಡ್ 6.5 ಕಿಲೋಪಾಸ್ಕಲ್‌ಗಿಂತ ಮೇಲಿದ್ದರೆ ಎನ್‌ಐವಿಗೆ (ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ) ಯಾರನ್ನು ಕರೆಯಬೇಕು, ಇಷ್ಟೂ ನಿಮ್ಮ ಪ್ಲಾನಿನಲ್ಲಿ ಬರಬೇಕು. ಉತ್ತರ ತಪ್ಪಾದರೂ ಚಿಂತೆಯಿಲ್ಲ, ಸೂಪರ್‌ವೈಸರ್ ಮುಂದೆ ತಪ್ಪಲಿ.

ಇನ್ನೊಂದು ಮಾತು. ಎಸಿಪಿ ತರಬೇತಿಯ ಫ್ರೇಮ್‌ವರ್ಕಿನಲ್ಲಿ ಕಂಬ ನಾಲ್ಕು: ಕ್ಲಿನಿಕಲ್, ನಾಯಕತ್ವ, ಶಿಕ್ಷಣ, ಸಂಶೋಧನೆ. ಎಲ್ಲರೂ ಮೊದಲನೆಯದನ್ನು ತುಂಬಿ ಉಳಿದ ಮೂರನ್ನು ಖಾಲಿ ಬಿಡುತ್ತಾರೆ. ವಾರ್ಡಿನ ಡ್ರಗ್ ಚಾರ್ಟುಗಳಲ್ಲಿ ಆಕ್ಸಿಜನ್ ಗುರಿ ಬರೆದಿದೆಯೇ ಅಂತ ಆಡಿಟ್ ಮಾಡಿ, ತಂಡಕ್ಕೆ ಪಾಠ ಮಾಡಿ, ಕೆಲವು ತಿಂಗಳು ಬಿಟ್ಟು ಮತ್ತೆ ಎಣಿಸಿ. ಒಂದೇ ಕೆಲಸ ಮೂರು ಕಡೆಗೂ ಸಾಕ್ಷಿಯಾಗುತ್ತದೆ.

ಮಲ್ಲೇಶ್ವರ_ಐಸಿಯು

ಒಂದು ಸಂದೇಹ ಸೇರಿಸಲೇ? ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಎಂ.ಎಸ್ಸಿ. ಮಾಡಿದರೆ ಅಲ್ಲಿ ನೇರವಾಗಿ ಎಸಿಪಿ ಆಗಬಹುದೇ?

ನೈಟ್‌ಡ್ಯೂಟಿ

ನೇರವಾಗಿ ಆಗುವುದಿಲ್ಲ. ಅದು ಒಳ್ಳೆಯ ಕೋರ್ಸೇ: 2 ವರ್ಷದ ರೆಸಿಡೆನ್ಸಿ, ಹೆಚ್ಚಿನ ಪಾಲು ಐಸಿಯುನಲ್ಲೇ ಕಲಿಕೆ. ಆದರೆ ಇಲ್ಲಿ ಮೊದಲು ಎನ್‌ಎಂಸಿ ನೋಂದಣಿ, ಆಮೇಲೆ ನರ್ಸ್ ಆಗಿ ಒಂದಷ್ಟು ವರ್ಷ, ಆಮೇಲೆ ಟ್ರೈನಿ ಹುದ್ದೆ. ಹಿಂದಿನ ಓದಿಗೆ ಕ್ರೆಡಿಟ್ ಕೊಡುವುದು ಬಿಡುವುದು ಯೂನಿವರ್ಸಿಟಿಗೆ ಬಿಟ್ಟದ್ದು. ಸಿಲಬಸ್, ಕ್ಲಿನಿಕಲ್ ಗಂಟೆಗಳ ಲೆಕ್ಕ, ಲಾಗ್‌ಬುಕ್ ಮೂರನ್ನೂ ಕಾಲೇಜಿನ ಸೀಲ್ ಹಾಕಿಸಿ ಇಟ್ಟುಕೊಳ್ಳಿ.

ಕಾವೇರಿ_ಲೀಡ್ಸ್

ತುಂಬಾ ಉಪಕಾರವಾಯಿತು. ಕೊನೆಯದಾಗಿ, ವಿ300 (ನರ್ಸ್ ಸ್ವತಃ ಔಷಧಿ ಬರೆಯಲು ಬೇಕಾದ ಕೋರ್ಸ್) ಎರಡನೇ ವರ್ಷಕ್ಕೆ ಇಟ್ಟಿದ್ದಾರೆ. ಮೊದಲೇ ಏನಾದರೂ ತಯಾರಿ?

ತುಂಗಾತೀರ

ಎರಡನೇ ವರ್ಷ ಸರಿಯಾದ ಹೊತ್ತು. ರೋಗಿಯನ್ನು ಪರೀಕ್ಷಿಸಿ ಡಯಾಗ್ನೋಸಿಸ್‌ಗೆ ಬರುವ ಹದ ಸಿಗುವ ಮೊದಲು ಪ್ರಿಸ್ಕ್ರೈಬಿಂಗ್ ಕಲಿತರೆ ಬುಡವಿಲ್ಲದ ಗೋಡೆ. ನೋಂದಣಿಯಾಗಿ 1 ವರ್ಷ ಆಗಿರಬೇಕು, ಅದು ನಿಮಗಿದೆ. ಪ್ರಾಕ್ಟೀಸ್ ಸೂಪರ್‌ವೈಸರ್ ಮತ್ತು ಪ್ರಾಕ್ಟೀಸ್ ಅಸೆಸರ್ ಬೇರೆ ಬೇರೆ ಜನ ಇರಬೇಕು, ಅನಿವಾರ್ಯವಾದರೆ ಮಾತ್ರ ಒಬ್ಬರೇ. ಇಬ್ಬರನ್ನೂ ಆರು ತಿಂಗಳು ಮೊದಲೇ ಒಪ್ಪಿಸಿ. ಫಾರ್ಮಕಾಲಜಿ ಪರೀಕ್ಷೆಗೆ ಕನಿಷ್ಠ ಶೇ. 80, ಡ್ರಗ್ ಲೆಕ್ಕಕ್ಕೆ ಪೂರ್ತಿ 100 ಬೇಕು. ಒಂದು ದಶಮಾಂಶ ಜಾರಿದರೂ ಫೇಲ್, ಅದಕ್ಕೆ ಮೈಕ್ರೋಗ್ರಾಂ–ಮಿಲಿಗ್ರಾಂ ಬದಲಾವಣೆ ಮತ್ತು ಇನ್‌ಫ್ಯೂಷನ್ ದರ ದಿನಾ ಹತ್ತು ಲೆಕ್ಕ ಮಾಡಿ.

ಪಾಸಾದ ಮೇಲೂ ತಕ್ಷಣ ಬರೆಯುವಂತಿಲ್ಲ. ಎನ್‌ಎಂಸಿ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಅದು ದಾಖಲಾಗಬೇಕು, ಟ್ರಸ್ಟಿನ (ಆಸ್ಪತ್ರೆ ನಡೆಸುವ ಎನ್‌ಎಚ್‌ಎಸ್ ಸಂಸ್ಥೆ) ಪ್ರಿಸ್ಕ್ರೈಬರ್ ಪಟ್ಟಿಯಲ್ಲೂ ಸೇರಬೇಕು. ಎಕ್ಸ್‌ರೇ ಬರೆಯುವುದಕ್ಕೂ ಹೀಗೇ. ಐಆರ್‌ಎಂಇಆರ್ (ವೈದ್ಯಕೀಯ ವಿಕಿರಣದ ನಿಯಮಗಳು) ತರಬೇತಿ ಮುಗಿಸಿದರೆ ಅರ್ಧ ಕೆಲಸ, ಯಾವ ಯಾವ ಎಕ್ಸ್‌ರೇಗೆ ನೀವು ಬರೆಯಬಹುದು ಅಂತ ಟ್ರಸ್ಟು ಲಿಖಿತವಾಗಿ ಅಧಿಕಾರ ಕೊಟ್ಟಾಗ ಪೂರ್ತಿ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ರೇಡಿಯಾಲಜಿಗೆ ಅರ್ಜಿಯನ್ನು ಮೊದಲ ವರ್ಷವೇ ಹಾಕಿಬಿಡಿ.