ಅಪ್‌ಡೇಟ್: ಅಪ್ಪನ ಪಾರ್ಕಿನ್ಸನ್ ಮಾತ್ರೆ ಮಧ್ಯಾಹ್ನ ಯಾಕೆ ಹಿಡಿಯುತ್ತಿರಲಿಲ್ಲ ಅಂತ ಗೊತ್ತಾಯಿತು

ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗಿ ಮೈ ಬಿಗಿಯುವ ಮಿದುಳಿನ ಕಾಯಿಲೆ. ಹೋದ ತಿಂಗಳು ಇಲ್ಲೇ ಕೇಳಿದ್ದೆ. ಲೆವೊಡೋಪಾ-ಕಾರ್ಬಿಡೋಪಾ ಮಾತ್ರೆ ಕೊಟ್ಟರೂ ಮಧ್ಯಾಹ್ನ ಅಪ್ಪನ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ, ಡೋಸ್ ಜಾಸ್ತಿ ಮಾಡಿಸಬೇಕಾ ಅಂತ. ಡೋಸ್ ಹೆಚ್ಚಿಸಲೇ ಇಲ್ಲ.

ತಪ್ಪಿದ್ದು ಹೊತ್ತಿನಲ್ಲಿ. ಗಂಗಾವತಿ ಕಡೆ ಊಟ ಗೊತ್ತಲ್ವಾ, ರೊಟ್ಟಿ, ಬೇಳೆ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಅದರ ಜೊತೆಗೇ ಮಾತ್ರೆ ನುಂಗಿಸುತ್ತಿದ್ದೆ. ಬೇಳೆ, ಮೊಸರಿನ ಪ್ರೋಟೀನ್ ಕರುಳಿನಲ್ಲೂ ಮಿದುಳಿಗೆ ಹೋಗುವ ದಾರಿಯಲ್ಲೂ ಲೆವೊಡೋಪಾಕ್ಕೆ ಅಡ್ಡ ಬರುತ್ತದಂತೆ, ನರ್ಸ್ ಅಕ್ಕ ಕೂರಿಸಿಕೊಂಡು ಬಿಡಿಸಿ ಹೇಳಿದರು. ಡಾಕ್ಟರನ್ನೂ ಕೇಳಿ, ಈಗ ಊಟಕ್ಕೆ ಅರ್ಧ ಗಂಟೆ ಮೊದಲೇ ನೀರಿನ ಜೊತೆ ಕೊಡುತ್ತೇನೆ. ಬೇಳೆ ಬಿಡಿಸಿಲ್ಲ, ಅಪ್ಪ ಮೊದಲೇ ಸೊರಗಿದ್ದಾರೆ.

ಮೊನ್ನೆ ಅಂಗಿ ಗುಂಡಿ ತಾವೇ ಹಾಕಿಕೊಂಡರು. ಕೊನೆಯ ಗುಂಡಿಗೆ ಬೆರಳು ನಡುಗಿತು, ಸಹಾಯಕ್ಕೆ ಹೋದರೆ ನನ್ನ ಕೈ ಸರಿಸಿದರು. ನನಗೆ ಕಣ್ಣು ತುಂಬಿ ಬಂತು.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ವಾಂತಿ ಅಂತ ಒಂದು ಕ್ಲಿನಿಕ್‌ಗೆ ಹೋದಾಗ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಡಲು ಹೊರಟಿದ್ದರು. ಅದು ಮಿದುಳಿನಲ್ಲಿ ಡೋಪಮೈನ್ (ಕೈಕಾಲು ಸರಾಗವಾಗಿ ಆಡಲು ಬೇಕಾದ ರಾಸಾಯನಿಕ, ಲೆವೊಡೋಪಾ ಮಿದುಳಿನಲ್ಲಿ ಇದೇ ಆಗುತ್ತದೆ) ಕೆಲಸವನ್ನೇ ತಡೆಯುತ್ತದೆ, ಈ ಕಾಯಿಲೆ ಇರುವವರಿಗೆ ನಡುಕ, ಬಿಗಿತ ಜಾಸ್ತಿಯಾಗುತ್ತದೆ. ಹಳೆ ಚೀಟಿ ತೋರಿಸಿ ತಡೆದೆ. ಮಾತ್ರೆಯ ಚೀಟಿ ಯಾವಾಗಲೂ ಜೊತೆಗಿರಲಿ. ಆದರೆ ಪಾರ್ಕಿನ್ಸನ್ ಮಾತ್ರೆಯನ್ನು ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಜ್ವರ ಬಂದು ಮೈ ಸೆಟೆದು ಜೀವಕ್ಕೇ ಅಪಾಯ ಆಗಬಹುದು.

ಎದ್ದ ತಕ್ಷಣ ಬಿಪಿ ಇಳಿದು ತಲೆ ತಿರುಗುವುದು ಇನ್ನೂ ಇದೆ. ಮುಂದಿನ ವಾರ ತೋರಿಸುತ್ತೇವೆ.