ಅಪ್‌ಡೇಟ್: ಮುತ್ತಜ್ಜನ ಹೆಸರು ಗೆಜೆಟ್‌ನಲ್ಲಿ ಸಿಕ್ಕಿತು

ಹಳೆಯ ಮೈಸೂರು ಸಂಸ್ಥಾನದ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ 1910ರ ದಶಕದಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ (ಕೆಳ ದರ್ಜೆಯ ಸರ್ಕಾರಿ ವೈದ್ಯ) ಆಗಿದ್ದ ನಮ್ಮ ಮುತ್ತಜ್ಜನ ವಿವರಗಳನ್ನು ಎಲ್ಲಿ ಹುಡುಕಲಿ ಎಂದು ಕೇಳಿದ್ದೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಗೆಜೆಟ್ (ಸಂಸ್ಥಾನದ ಅಧಿಕೃತ ರಾಜಪತ್ರ) ನೋಡಿ ಎಂದವರಿಗೆ ಮನಸಾರೆ ವಂದನೆಗಳು. ವರ್ಗಾವಣೆ ಪ್ರಕಟಣೆಗಳಲ್ಲಿ ಅವರ ಹೆಸರಿದೆ!

1918ರ ಇನ್‌ಫ್ಲುಯೆಂಜಾ ಹೊತ್ತಿಗೆ ಅವರನ್ನು ಬೇರೆ ತಾಲ್ಲೂಕಿಗೆ ನಿಯೋಜಿಸಿದ್ದರು. ತಂದೆಯವರು ಮನೆಗೇ ಬಾರದ ತಿಂಗಳುಗಳು ಎಂದು ಅಜ್ಜಿ ಹೇಳುತ್ತಿದ್ದುದು ಇದೇ ಇರಬೇಕು. ಪೆನಿಸಿಲಿನ್ ಇರಲಿ, ಅದಕ್ಕೂ ಮೊದಲು ಬಳಕೆಗೆ ಬಂದ, ಬ್ಯಾಕ್ಟೀರಿಯಾ ಸೋಂಕಿನ ಸಲ್ಫಾ ಔಷಧಿಗಳೂ ಇನ್ನೂ ಬಂದಿರದ ಕಾಲ. ಜ್ವರ ನ್ಯುಮೋನಿಯಾಕ್ಕೆ ತಿರುಗಿದರೆ ಆರೈಕೆಯೇ ಮದ್ದು. ಆ ಒಂದು ಸಾಲಿನ ಪ್ರಕಟಣೆಯನ್ನು ಓದುವಾಗ ಕಣ್ಣು ತುಂಬಿತು.

ಇನ್ನು ಅವರ ವ್ಯಾಸಂಗ. ಮೈಸೂರು ಮೆಡಿಕಲ್ ಕಾಲೇಜು ಬೆಂಗಳೂರಿನಲ್ಲಿ ಆರಂಭವಾದದ್ದೇ 1924ರಲ್ಲಿ. ಹಾಗಾಗಿ ಅವರು ಅಲ್ಲಿ ಓದಿರಲಾರರು, ಮದ್ರಾಸಿನಲ್ಲಿ ಓದಿರಬಹುದು ಎಂದು ಮುಂದೆ ಅಲ್ಲಿನ ದಾಖಲೆಗಳನ್ನು ನೋಡಲಿದ್ದೇನೆ. ಚೆನ್ನೈಯ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.