ಸೈಕಲ್ ಸವಾರಿ ಮರೆಯುವುದಿಲ್ಲ, ಪಾಠ ಮರೆಯುತ್ತದೆ: ಮಕ್ಕಳಿಗೆ ಹೇಗೆ ವಿವರಿಸಲಿ?

ಪ್ರಶ್ನೆ:
ನಾನು ಐದನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಒಮ್ಮೆ ಕಲಿತ ಸೈಕಲ್ ಸವಾರಿ ವರ್ಷಗಳಾದರೂ ಮರೆಯುವುದಿಲ್ಲ, ನಿನ್ನೆ ಓದಿದ ಪಾಠ ಮಾತ್ರ ಇಂದಿಗೇ ಮರೆತುಹೋಗುತ್ತದೆ, ಇದೇಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಮಕ್ಕಳಿಗೆ ಅರ್ಥವಾಗುವಂತೆ ಹೇಗೆ ಹೇಳಬಹುದು?

ಉತ್ತರ 1:
ಮೇಡಂ, ಎಲ್ಲ ಬಗೆಯ ನೆನಪುಗಳೂ ಮೆದುಳಿನ ಒಂದೇ ಭಾಗವನ್ನು ಅವಲಂಬಿಸಿಲ್ಲ ಎಂಬುದರಿಂದ ಆರಂಭಿಸಿ, ಅಮೆರಿಕದ ಹೆನ್ರಿ ಮೊಲೈಸನ್ ಅವರ ವಿಷಯವನ್ನು ತಿಳಿಸಿ. ತೀವ್ರ ಅಪಸ್ಮಾರದಿಂದ ಬಳಲುತ್ತಿದ್ದ ಅವರಿಗೆ 1953ರಲ್ಲಿ ಶಸ್ತ್ರಚಿಕಿತ್ಸೆ ನಡೆಸಿ, ಮೆದುಳಿನ ಎರಡೂ ಬದಿಯಲ್ಲಿರುವ, ಘಟನೆ, ಪಾಠಗಳಂಥ ಹೊಸ ನೆನಪುಗಳನ್ನು ರೂಪಿಸಲು ಬೇಕಾದ ಹಿಪೊಕ್ಯಾಂಪಸ್‌ನ ಗಣನೀಯ ಭಾಗವನ್ನು ತೆಗೆಯಲಾಯಿತು. ಆನಂತರ ಹೊಸ ಘಟನೆಗಳಾಗಲಿ, ಹೊಸದಾಗಿ ಭೇಟಿಯಾದವರಾಗಲಿ ಅವರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು, ಕನ್ನಡಿಯ ಪ್ರತಿಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಚಿತ್ರವನ್ನು ತಿದ್ದುವ ಅಭ್ಯಾಸ ಕೊಟ್ಟಾಗ, ಹಿಂದಿನ ದಿನ ಅದನ್ನು ಮಾಡಿದ್ದೇ ನೆನಪಿಲ್ಲದಿದ್ದರೂ ಹೆನ್ರಿಯವರ ಕೈ ದಿನದಿಂದ ದಿನಕ್ಕೆ ಪಳಗುತ್ತ ಹೋಯಿತು. ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು ಎಂದು ನನ್ನ ನಂಬಿಕೆ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ. ಸವಾರಿಯಂಥ ಕೌಶಲಗಳಲ್ಲಿ ತಲೆಯ ಹಿಂಭಾಗದ ಸೆರೆಬೆಲ್ಲಮ್ ಮತ್ತು ಮೆದುಳಿನ ಒಳಗಿರುವ ಬೇಸಲ್ ಗ್ಯಾಂಗ್ಲಿಯಾ ಪ್ರಮುಖ ಪಾತ್ರ ವಹಿಸುತ್ತವೆ. ಮತ್ತೆ ಮತ್ತೆ ಮಾಡಿದಂತೆ ನರಕೋಶಗಳ ನಡುವಿನ ಸಂಪರ್ಕಗಳು ಬಲಗೊಳ್ಳುತ್ತವೆ. ಪಾಠವನ್ನು ನಾವು ಸಾಮಾನ್ಯವಾಗಿ ಒಮ್ಮೆ ಓದಿ ಬಿಟ್ಟುಬಿಡುತ್ತೇವೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು, ಕೆಲವು ದಿನ ಬಿಟ್ಟು ಮತ್ತೆ ಓದುವುದು, ಸಾಕಷ್ಟು ನಿದ್ರಿಸುವುದು, ಇವೆಲ್ಲ ಪಾಠವನ್ನು ಉಳಿಸಿಕೊಳ್ಳಲು ನೆರವಾಗುತ್ತವೆ.

ಉತ್ತರ 3:
ಕನ್ನಡಿಯ ಪ್ರಯೋಗವನ್ನು ತರಗತಿಯಲ್ಲಿಯೇ ಮಾಡಿಸಬಹುದು. ಕೈ ನೇರವಾಗಿ ಕಾಣದಂತೆ ರಟ್ಟನ್ನು ಅಡ್ಡ ಹಿಡಿದು, ಒಂದು ವಾರ ಪ್ರತಿದಿನ ತಿದ್ದಿಸಿ, ಹಾಳೆಗಳನ್ನು ದಿನಾಂಕದೊಂದಿಗೆ ಜೋಡಿಸಿಡಿ.